ಕಾಲು ಮುಂದಾಗಿ ಹುಟ್ಟಿದವನು

ಯಾರನ್ನಾದರೂ ನಂಬುವ ಮೊದಲು ನಾನು ಅವರ ಚಪ್ಪಲಿಯ ಹಿಮ್ಮಡಿ ನೋಡುತ್ತೇನೆ. ಮುಖ ಸುಳ್ಳು ಹೇಳಬಹುದು, ನಗು ಹೇಳಬಹುದು, ಬಿಳಿ ಕೋಟು ಹಾಕಿಕೊಂಡವರೂ ಹೇಳಬಹುದು. ಸವೆದ ಹಿಮ್ಮಡಿಗೆ ಅಷ್ಟೊಂದು ಬುದ್ಧಿವಂತಿಕೆ ಇರುವುದಿಲ್ಲ. ಇದನ್ನು ಓದಿ ನೀವು ನಿಮ್ಮ ಚಪ್ಪಲಿಯನ್ನು ತಿರುವಿ ನೋಡಿಕೊಳ್ಳುತ್ತೀರಿ ಅಂತ ನನಗೆ ಗೊತ್ತು. ನೋಡಿಕೊಳ್ಳಿ, ನನಗೇನೂ ಬೇಜಾರಿಲ್ಲ.

ಕಳೆದ ವಾರ ನನ್ನದೇ ಎಡಗಾಲಿನ ಚಪ್ಪಲಿಯನ್ನು ಹೊಸಕೋಟೆ ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವನ ಮುಂದೆ ಇಟ್ಟೆ. ಹೊರಗಿನ ಅಂಚು ಕಾಗದದಷ್ಟು ತೆಳ್ಳಗಾಗಿತ್ತು. ಒಳಗಿನ ಅಂಚು ಅಂಗಡಿಯಿಂದ ತಂದ ದಿನದ ಹಾಗೆಯೇ ಇತ್ತು. ಅವನು ಅದನ್ನು ಎರಡು ಸಲ ತಿರುಗಿಸಿ ನೋಡಿ, “ಏನ್ ಸಾರ್, ಕಾಲು ಉಳುಕಿತ್ತಾ?” ಅಂದ.

“ಹುಟ್ಟಿದಾಗಿಂದ ಉಳುಕಿದೆ” ಅಂದೆ.

ಅವನು ನಕ್ಕ. ನನ್ನ ಮಾತಿಗೆ ನಕ್ಕನೋ, ಹೊಸ ಜೊತೆ ತಗೊಳ್ಳುವ ಗಿರಾಕಿ ಸಿಕ್ಕ ಅಂತ ನಕ್ಕನೋ, ನನಗೆ ತೀರ್ಮಾನವಾಗಲಿಲ್ಲ. ಅವನು ಹೊಲಿದು ಮುಗಿಸುವವರೆಗೆ ಅವನ ಕೈಯನ್ನೇ ನೋಡುತ್ತ ಒಂಟಿಗಾಲಲ್ಲಿ ನಿಂತಿದ್ದೆ. ಆಗ ನೆನಪಾದದ್ದನ್ನೇ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ಮೊದಲು ನನ್ನ ಅನುಮಾನದ ಬಗ್ಗೆ ಎರಡು ಮಾತು. ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ನಾನು ಇಪ್ಪತ್ತೆಂಟು ವರ್ಷದಿಂದ ತಪಾಸಣೆ ವಿಭಾಗದಲ್ಲಿದ್ದೇನೆ. ಯಂತ್ರದಿಂದ ಹೊರಬಂದ ಬಿಡಿಭಾಗಗಳನ್ನು ಒಂದೊಂದಾಗಿ ಅಳತೆಯ ಗೇಜಿಗೆ ಹಾಕಿ ನೋಡುವುದು ನನ್ನ ಕೆಲಸ. ಸರಿಯಾಗಿ ಕೂತರೆ ಪಾಸು, ಕೂರದಿದ್ದರೆ ಕೆಂಪು ಡಬ್ಬ. ದಿನವಿಡೀ ಅನುಮಾನಪಡುವುದಕ್ಕೇ ಸಂಬಳ ಕೊಡುವ ಕೆಲಸ ಇನ್ನೆಲ್ಲಿ ಸಿಗುತ್ತದೆ ಹೇಳಿ. ಮನೆಗೆ ಬಂದರೂ ಈ ಚಾಳಿ ಬಿಡುವುದಿಲ್ಲ. ನನ್ನ ಹೆಂಡತಿ ಸುಶೀಲ ತಂದ ತೆಂಗಿನಕಾಯಿಯನ್ನು ನಾನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತೇನೆ. “ನನ್ನನ್ನೂ ಒಂದ್ಸಲ ಅಲ್ಲಾಡ್ಸಿ ನೋಡ್ಬಿಡಿ, ನೆಮ್ಮದಿಯಾಗುತ್ತೆ” ಅನ್ನುತ್ತಾಳೆ ಅವಳು.

ಇನ್ನು ಕಾಲಿನ ವಿಷಯ. ಹುಟ್ಟುವಾಗಲೇ ನನ್ನ ಎಡಪಾದ ಒಳಕ್ಕೆ ತಿರುಚಿಕೊಂಡಿತ್ತು. ಆಗ ಹೊಸಕೋಟೆಯಲ್ಲಿ ಮೂಳೆ ಕೂರಿಸುವುದಕ್ಕೆ ಹೆಸರಾದ ಒಬ್ಬ ಪೈಲ್ವಾನ್ ಸಾಬರಿದ್ದರು. ನಾನು ಹಾಲು ಕುಡಿಯುವ ಕೂಸಾಗಿದ್ದಾಗಿನಿಂದ ಅಮ್ಮ ನನ್ನನ್ನು ವಾರಕ್ಕೊಮ್ಮೆ ಅವರಲ್ಲಿಗೆ ಎತ್ತಿಕೊಂಡು ಹೋಗುತ್ತಿದ್ದಳಂತೆ. ಅವರು ಎಣ್ಣೆ ಹಚ್ಚಿ, ಪಾದವನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ತಿರುಗಿಸಿ, ಬಟ್ಟೆ ಸುತ್ತಿ ಕಟ್ಟಿ ಕಳಿಸುತ್ತಿದ್ದರಂತೆ. ಹೀಗೆ ಮುಕ್ಕಾಲು ಭಾಗ ನೆಟ್ಟಗಾಯಿತು. ಉಳಿದ ಕಾಲು ಭಾಗವನ್ನು ನಾನು ಇವತ್ತಿಗೂ ಚಪ್ಪಲಿಯ ಹೊರಗಿನ ಅಂಚಿನ ಮೇಲೆ ಹೊತ್ತುಕೊಂಡು ತಿರುಗುತ್ತೇನೆ.

ಪಾದ ಯಾಕೆ ಹೀಗಾಯಿತು ಎಂದು ಕೇಳಿದಾಗಲೆಲ್ಲ ಅಮ್ಮನಲ್ಲಿ ಒಂದೇ ಉತ್ತರ. “ನೀನು ಅವಸರದೋನು ಕಣಪ್ಪ. ಎಲ್ಲಾ ಮಕ್ಳೂ ತಲೆ ಮುಂದಾಗಿ ಬಂದ್ರೆ ನೀನು ಕಾಲು ಮುಂದಾಗಿ ಬಂದೆ. ಆ ಎಡಗಾಲೇ ಮೊದಲು ಹಾಕ್ದೆಯಲ್ಲ, ಅದಕ್ಕೇ ಒಂಚೂರು ತಿರುಚ್ಕೊಂಡೈತೆ.”

ನಮ್ಮ ಕಡೆ ಕಾಲು ಮುಂದಾಗಿ ಹುಟ್ಟಿದವರ ಪಾದಕ್ಕೆ ದೊಡ್ಡ ಅಧಿಕಾರವುಂಟು. ಸೊಂಟ ಹಿಡಿದುಕೊಂಡರೆ, ಕತ್ತು ಹಿಡಿದುಕೊಂಡರೆ, ಕಾಲು ಉಳುಕಿದರೆ ಅಂಥವರಿಂದ ಮೂರು ಸಲ ತುಳಿಸಿಕೊಂಡರೆ ಸಾಕು, ಬಿಟ್ಟುಹೋಗುತ್ತದೆ ಎಂದು ನಂಬಿಕೆ. ನೋವಿದ್ದವರು ಹೊಸ್ತಿಲಿಗೆ ಅಡ್ಡಲಾಗಿ ಬೋರಲು ಮಲಗಬೇಕು. ತುಳಿಯುವವರು ಬಾಯಿ ಬಿಡಬಾರದು. ತುಳಿಸಿಕೊಂಡವರು ತಿರುಗಿ ನೋಡದೆ ಎದ್ದು ನಡೆಯಬೇಕು. ಕೂಲಿ ತೆಗೆದುಕೊಳ್ಳುವ ಹಾಗಿಲ್ಲ, ಬೆಲ್ಲದ ಚೂರು ಕೊಟ್ಟರೆ ತಿನ್ನಬಹುದು. ನಾನು ಹುಟ್ಟಿದ್ದು ಆವತಿ ಕಡೆಯ ಅಮ್ಮನ ತವರಿನಲ್ಲಿ, ಬೆಳೆದದ್ದು ಹೊಸಕೋಟೆಗೆ ಆರು ಮೈಲಿ ದೂರದ ನಮ್ಮ ಹಳ್ಳಿಯಲ್ಲಿ. ಆ ಹಳ್ಳಿಗೆಲ್ಲ ಇಂಥ ಕಾಲಿದ್ದವನು ನಾನೊಬ್ಬನೇ.

ನನ್ನ ಮೊದಲ ರೋಗಿ ಪಕ್ಕದ ಮನೆಯ ಚಿಕ್ಕಮುನಿಯಪ್ಪ. ನನಗಾಗ ಆರು ವರ್ಷ. ಎಮ್ಮೆಯಂಥ ಆಳು, ನಮ್ಮ ಹೊಸ್ತಿಲ ಮೇಲೆ ಬೋರಲು ಬಿದ್ದಿದ್ದ. ಅಮ್ಮ ನನ್ನ ರಟ್ಟೆ ಹಿಡಿದು ಅವನ ಬೆನ್ನ ಮೇಲೆ ಹತ್ತಿಸಿದಳು. ಮೂರು ಸಲ ತುಳಿದೆ. ಅವನು “ಹಾ” ಅಂದ, ಎದ್ದ, ಸೊಂಟ ಹಿಡಿದು ಎರಡು ಸಲ ಅತ್ತ ಇತ್ತ ಆಡಿಸಿ ನೋಡಿದ, “ಬಿಡ್ತು ಕಣಮ್ಮ” ಅಂದ. ಬರಬರುತ್ತ ನನಗೆ ಅನುಮಾನ ಬಂತು. ಯಾಕೆಂದರೆ ಮುನಿಯಪ್ಪನ ಸೊಂಟ ಹಿಡಿದುಕೊಳ್ಳುತ್ತಿದ್ದದ್ದು ರಾಗಿ ಹೊಲದಲ್ಲಿ ಕಳೆ ಕೀಳುವ ದಿನಗಳಲ್ಲಿ ಮಾತ್ರ. ಕಳೆ ಮುಗಿದ ಮಾರನೆಯ ದಿನ ಅವನು ತುಳಿಸಿಕೊಳ್ಳಲು ಬರುತ್ತಿದ್ದ, ತಕ್ಷಣ ವಾಸಿಯಾಗುತ್ತಿದ್ದ. ಆದರೂ ಬೆಲ್ಲ ಬರುತ್ತಿತ್ತಲ್ಲ, ನಾನು ಬಾಯಿ ಮುಚ್ಚಿಕೊಂಡಿದ್ದೆ.

ಆಮೇಲೆ ಜನ ಬರತೊಡಗಿದರು. ದ್ರಾಕ್ಷಿ ತೋಟದಲ್ಲಿ ಮೂಟೆ ಎತ್ತಿ ಕತ್ತು ಹಿಡಿದವರು, ಬಾವಿ ಮೆಟ್ಟಿಲಲ್ಲಿ ಕಾಲು ಮಡಚಿಕೊಂಡವರು, ರಾತ್ರಿ ಹೇಗೋ ಮಲಗಿ ಬೆಳಗ್ಗೆ ಎದ್ದರೆ ಭುಜ ತಿರುಗದವರು. ಬಂದವರನ್ನು ನಾನು ಮೊದಲು ಚೆನ್ನಾಗಿ ನೋಡುತ್ತಿದ್ದೆ. ನಿಜವಾದ ನೋವಿದ್ದವರು ಕೂರುವ ಮೊದಲು ಗೋಡೆ ಹುಡುಕುತ್ತಾರೆ. ನಾಟಕದವರು ಕೂತ ಮೇಲೆ ಅಮ್ಮಾ ಅನ್ನುತ್ತಾರೆ. ತಿರುಚಿದ ಕಾಲಿನ ಮಕ್ಕಳಿಗೆ ಊರು ಇಡುವ ಹೆಸರುಗಳು ನಿಮಗೆ ಗೊತ್ತೇ ಇವೆ. ನನಗೆ ಅಂಥ ಯಾವ ಹೆಸರೂ ಇದ್ದ ನೆನಪಿಲ್ಲ. ಊರಿಗೆಲ್ಲ ನಾನು ಪಾದದ ನಂಜುಂಡ.

ಈ ಪಾದದ ಗರ್ವ ಇಳಿದದ್ದು ರುದ್ರೇಶನ ಕಾಲದಲ್ಲಿ. ರುದ್ರೇಶ ನನ್ನ ವಾರಿಗೆಯವನು, ಒಂದೇ ಬೆಂಚಿನವನು. ಹನ್ನೊಂದನೇ ವಯಸ್ಸಿನಲ್ಲಿ ಅವನು ಕೆರೆ ಏರಿಯ ಹುಣಸೆ ಮರದಿಂದ ಬಿದ್ದ. ಆ ಮರ ಹತ್ತಿದರೆ ಚರ್ಮ ಸುಲಿಯುತ್ತೇನೆ ಎಂದು ಅವನ ಅಪ್ಪ ಹಿಂದಿನ ದಿನವಷ್ಟೇ ಹೇಳಿದ್ದರು. ಬಲಮೊಣಕೈ ನೋಡನೋಡುತ್ತ ಊದಿಕೊಂಡಿತು. “ಲೇ ನಂಜ, ಮನೇಲಿ ಹೇಳ್ಬೇಡ ಕಣಲಾ. ನೀನೇ ತುಳ್ದುಬಿಡು, ಹೋಯ್ತದೆ” ಅಂದ. ನಾನು ತುಳಿದೆ. ಮೂರು ಸಲ, ಬಾಯಿ ಬಿಡದೆ, ಶಾಸ್ತ್ರಪ್ರಕಾರ. ಅವನು ಅಂಗಿಯ ಕಾಲರನ್ನು ಬಾಯಿಗೆ ತುರುಕಿಕೊಂಡು ಕಚ್ಚಿದ. ಎರಡು ದಿನ ತುಂಬುತೋಳಿನ ಅಂಗಿ ಹಾಕಿಕೊಂಡು ಕೈ ಮುಚ್ಚಿಟ್ಟ. ಮೂರನೆಯ ದಿನ ಜ್ವರ ಬಂದು ಗುಟ್ಟು ರಟ್ಟಾಯಿತು.

ಹೊಸಕೋಟೆಯ ಪೈಲ್ವಾನರನ್ನು ಕರೆಸಿದರು. ಅವರು ಬಿದಿರಿನ ದಬ್ಬೆ ಇಟ್ಟು, ಮೊಟ್ಟೆಯ ಬಿಳಿಗೆ ಉದ್ದಿನ ಹಿಟ್ಟು ಕಲಸಿ ಬಟ್ಟೆಗೆ ಬಳಿದು, ಬಿಗಿಯಾಗಿ ಕಟ್ಟಿದರು. ಕಟ್ಟಿ ಮುಗಿಸಿ, “ಎರಡು ದಿನ ಮೊದಲೇ ಕರ್ದಿದ್ರೆ” ಅಂದು ಮಾತು ನಿಲ್ಲಿಸಿದರು. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಇವತ್ತಿಗೂ ರುದ್ರೇಶನ ಬಲಗೈ ಪೂರ್ತಿ ಚಾಚುವುದಿಲ್ಲ. ನಮಸ್ಕಾರ ಮಾಡಿದರೆ ಯಾರನ್ನೋ ಬಾ ಅಂತ ಕರೆದ ಹಾಗಿರುತ್ತದೆ. ಆ ಕೈಯಲ್ಲೇ ಗೇರು ಹಾಕಿಕೊಂಡು ಅವನೀಗ ಹೊಸಕೋಟೆಯಲ್ಲಿ ತನ್ನದೇ ಆಮ್ನಿ ವ್ಯಾನು ಓಡಿಸುತ್ತಾನೆ. ನಾನು ತುಳಿದದ್ದನ್ನು ಅವನು ಯಾರಿಗೂ ಹೇಳಲಿಲ್ಲ. ನನ್ನ ಹತ್ತಿರವೂ ಆ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವತ್ತಿನಿಂದ ನಾನು ತುಳಿಯಲು ಹಿಂದೆಗೆದೆ. ಪರೀಕ್ಷೆ ಇದೆ, ಜ್ವರ ಇದೆ, ಮಡಿ ಇಲ್ಲ ಎಂದು ನೂರು ನೆಪ. ಅಮ್ಮ ಬಿಡುತ್ತಿರಲಿಲ್ಲ. ಹಳ್ಳಿ ಬಿಟ್ಟು ಹೊಸಕೋಟೆಗೆ ಬಂದು ಸೇರಿದ ಮೇಲೂ ಯಾರಾದರೂ ಸೊಂಟ ಹಿಡಿದುಕೊಂಡು ಬಂದರೆ, “ನಮ್ ನಂಜುಂಡ ಕಾಲು ಮುಂದಾಗಿ ಹುಟ್ಟಿದೋನು” ಎಂದು ಅವಳೇ ಚಾಪೆ ಹಾಸುತ್ತಿದ್ದಳು. ಅಮ್ಮನಿಗೆ ಈ ಕಾಲಿನ ಮೇಲೆ ಅಷ್ಟು ನಂಬಿಕೆ. ಅದನ್ನು ಮುರಿಯಲು ನನಗೆ ಮನಸ್ಸು ಬರಲಿಲ್ಲ.

ಅಂದಮಾತ್ರಕ್ಕೆ ಮೂಳೆ ವಿಷಯದಲ್ಲಿ ನಾನು ಬೇರೆಯವರನ್ನು ನಂಬಿದೆ ಅಂದುಕೊಳ್ಳಬೇಡಿ. ಉಳುಕಿಗೆ ಬಿಸಿ ಉಪ್ಪಿನ ಶಾಖ ಕೊಡಬೇಕು ಅನ್ನುತ್ತಾಳೆ ಅಮ್ಮ, ಐಸ್ ಇಡಬೇಕು ಅನ್ನುತ್ತಾರೆ ನಮ್ಮ ಕಾರ್ಖಾನೆಯ ಪ್ರಥಮ ಚಿಕಿತ್ಸೆಯವರು. ಒಂದೇ ಕಾಲಿಗೆ ಒಬ್ಬರು ಬೆಂಕಿ, ಒಬ್ಬರು ಮಂಜುಗಡ್ಡೆ. ಮೊದಲೆರಡು ದಿನ ಐಸು, ಆಮೇಲೆ ಬೇಕಾದರೆ ಶಾಖ ಎಂದು ಯಾರೋ ರಾಜಿ ಮಾಡಿಸಿದರು. ರಾಜಿ ಮಾಡಿಸುವವರ ಮೇಲೆ ನನಗೆ ಇನ್ನೂ ಅನುಮಾನ ಜಾಸ್ತಿ. ಒಮ್ಮೆ ನಮ್ಮ ವಿಭಾಗದ ಒಬ್ಬ ಮೆಟ್ಟಿಲಲ್ಲಿ ಜಾರಿದೆ, ಕಾಲು ಉಳುಕಿದೆ ಎಂದು ರಜೆ ಕೇಳಿದ. ನಾನು ಅವನ ಶೂ ನೋಡಿದೆ. ಲೇಸು ಬಿಗಿಯಾಗಿ ಕಟ್ಟಿತ್ತು. ಕಾಲು ಊದಿದವನು ಲೇಸು ಸಡಿಲ ಬಿಡುವುದಿಲ್ಲವೇ? ರಜೆ ಚೀಟಿಯ ಮೇಲೆ ನಾಟಕ ಎಂದು ಬರೆದುಬಿಟ್ಟೆ. ಮಾರನೆಯ ದಿನ ಅವನು ಪ್ಲಾಸ್ಟರ್ ಹಾಕಿಸಿಕೊಂಡು ಬಂದ. ಶೂ ಬಿಚ್ಚಿದರೆ ಮತ್ತೆ ಹಾಕಿಕೊಳ್ಳಲು ಆಗುವುದಿಲ್ಲ, ಬಸ್ಸು ಹತ್ತುವುದು ಹೇಗೆ ಎಂದು ಹೆದರಿ ಬಿಗಿದುಕೊಂಡಿದ್ದನಂತೆ. ಅವನ ಕ್ಷಮೆ ಕೇಳಿದೆ. ಆದರೂ ಪ್ಲಾಸ್ಟರನ್ನು ಒಂದು ಸಲ ಬೆರಳಲ್ಲಿ ತಟ್ಟಿ ನೋಡಿದೆ.

ಈಗ ಅಮ್ಮ ಬಿದ್ದ ವಿಷಯ. ಹೋದ ವರ್ಷ ಒಂದು ಭಾನುವಾರ ಬೆಳಗ್ಗೆ ಅವಳು ಹಿತ್ತಲಲ್ಲಿ ದೋಟಿ ಹಿಡಿದು ನುಗ್ಗೆಸೊಪ್ಪು ಎಳೆಯುತ್ತಿದ್ದಳು. ಎಪ್ಪತ್ತೆಂಟು ವರ್ಷದವಳು ದೋಟಿ ಹಿಡಿಯಬೇಡ ಎಂದರೆ ಕೇಳುವವಳಲ್ಲ, ಮಾರ್ಕೆಟ್ಟಿನ ಸೊಪ್ಪಿನ ಮೇಲೆ ಅವಳಿಗೆ ಅನುಮಾನ. ನನ್ನ ಗುಣ ಎಲ್ಲಿಂದ ಬಂತು ಅಂತ ನಿಮಗೆ ಈಗ ಗೊತ್ತಾಗಿರಬೇಕು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ, ಬಲಮಗ್ಗುಲಿಗೆ ಬಿದ್ದಳು. ನಾವು ಓಡಿಹೋದಾಗ ಕೈಯಲ್ಲಿ ಸೊಪ್ಪು ಹಾಗೇ ಇತ್ತು. ನಾನೂ ಸುಶೀಲಳೂ ಅವಳನ್ನು ಎತ್ತಿ ಒಳಗೆ ತಂದು ಚಾಪೆಯ ಮೇಲೆ ಮಲಗಿಸಿದೆವು.

“ಏನಿಲ್ಲ ಬಿಡು, ಉಳುಕು” ಅಂದಳು ಅಮ್ಮ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. “ಹೊಸ್ತಿಲ ಹತ್ರ ಎಳ್ಕೊಂಡೋಗಿ ಮಲಗ್ಸಪ್ಪ. ನಿನ್ ಕಾಲಿಡು. ಸರಿಹೋಯ್ತದೆ.”

“ಇಡ್ತೀನಿರಮ್ಮ, ಸ್ವಲ್ಪ ಸುಧಾರಿಸ್ಕೋ” ಎಂದೆ. ಸುಶೀಲ ಹುಣಸೆಹಣ್ಣು ಉಪ್ಪು ಕಲಸಿ ಬಿಸಿ ಮಾಡಿ ಪಟ್ಟು ಹಾಕಲು ಓಡಿದಳು. ನಾನು ಹೊರಗೆ ಹೋಗಿ ಬಷೀರ್ ಸಾಬರಿಗೆ ಫೋನು ಮಾಡಿದೆ. ನನ್ನ ಪಾದ ನೆಟ್ಟಗೆ ಮಾಡಿದ ಪೈಲ್ವಾನರ ಮಗ ಅವರು, ಅಪ್ಪನ ವಿದ್ಯೆ ಅವರ ಕೈಗೆ ಬಂದಿದೆ. ಎಪ್ಪತ್ತು ದಾಟಿದ್ದರೂ ಸ್ಕೂಟರಿನಲ್ಲಿ ಬಂದರು.

ಅವರು ಅಮ್ಮನ ಸೊಂಟವನ್ನು ಮುಟ್ಟಲಿಲ್ಲ. ಎರಡೂ ಕಾಲುಗಳನ್ನು ಮೆಲ್ಲಗೆ ಹತ್ತಿರ ತಂದು, ಹಿಮ್ಮಡಿಗಳನ್ನು ಜೋಡಿಸಲು ನೋಡಿದರು. ಜೋಡಿಯಾಗಲಿಲ್ಲ. ಬಲಹಿಮ್ಮಡಿ ಎರಡು ಬೆರಳು ಮೇಲೆ ನಿಂತಿತು, ಬಲಪಾದ ಹೊರಕ್ಕೆ ಒರಗಿಕೊಂಡಿತ್ತು. ಅವರು ನನ್ನನ್ನು ಕರೆದು ತೋರಿಸಿದರು. “ನೋಡಿ ನಂಜುಂಡಪ್ಪ, ಈ ಕಾಲು ಗಿಡ್ಡ ಆಗೈತೆ. ಪಾದ ಹೊರಗೆ ಬಿದ್ದೈತೆ. ಇದು ಉಳುಕಲ್ಲ, ಸೊಂಟದ ಕೀಲಿನ ಹತ್ರ ಮೂಳೆ ಹೋಗೈತೆ. ನಾನು ಕೈ ಹಾಕೋ ಕೆಲಸ ಅಲ್ಲ ಇದು. ಹಾಸ್ಪಿಟಲ್‌ಗೆ ಕರ್ಕೊಂಡೋಗಿ, ಲೇಟ್ ಮಾಡ್ಬೇಡಿ.”

ಕಟ್ಟು ಹಾಕುವವರೇ ಕಟ್ಟು ಬೇಡ ಅಂದರೆ ನನಗೆ ಹೇಗಾಗಬೇಡ. ಇವರಿಗೂ ಆಸ್ಪತ್ರೆಗೂ ಒಳಗೊಳಗೇ ಏನೋ ನಡೆದಿದೆಯೇ ಎಂದು ಒಂದು ಕ್ಷಣ ಅನಿಸಿತು. ಆದರೆ ಹಿಮ್ಮಡಿಯನ್ನು ನಾನೇ ಕಣ್ಣಾರೆ ನೋಡಿದ್ದೆ. ಗೇಜಿಗೆ ಕೂರದ ಮಾಲು. ಅಮ್ಮ ಮಾತ್ರ, “ಬಷೀರಣ್ಣಂಗೆ ವಯಸ್ಸಾಯ್ತು, ಕಣ್ಣು ಸರಿಯಾಗಿ ಕಾಣಲ್ಲ” ಅಂದಳು. ಬಷೀರ್ ಸಾಬರು ಅದಕ್ಕೆ ನಕ್ಕು, ಎರಡು ಕಾಲುಗಳ ನಡುವೆ ದಿಂಬು ಇಟ್ಟು, ಅಲ್ಲಾಡದಂತೆ ಸೀರೆಯ ತುಂಡಿನಿಂದ ಕಟ್ಟಿದರು. ರುದ್ರೇಶ ತನ್ನ ವ್ಯಾನಿನ ಸೀಟು ಬಿಚ್ಚಿ ಹಾಸಿಗೆ ಹಾಕಿಕೊಂಡು ಬಂದ. ರಸ್ತೆ ಉಬ್ಬು ಬಂದಲ್ಲೆಲ್ಲ ಅವನು ವ್ಯಾನನ್ನು ಎತ್ತಿಟ್ಟ ಹಾಗೆ ದಾಟಿಸಿದ. ಹಿಂದೆ ನಿಂತ ಬಸ್ಸುಗಳು ಹಾರ್ನು ಹೊಡೆದರೂ ತಿರುಗಿ ನೋಡಲಿಲ್ಲ.

ಆಸ್ಪತ್ರೆಯ ಮೂಳೆ ಡಾಕ್ಟರು ಒಬ್ಬ ಹೆಣ್ಣುಮಗಳು, ನನ್ನ ಮಗಳ ವಯಸ್ಸು. ಅದು ನನ್ನ ಮೊದಲ ಅನುಮಾನ. ಎಕ್ಸ್‌ರೇ ತೋರಿಸಿ ಆಕೆ ಹೇಳಿದ್ದು ಇಷ್ಟು: “ತೊಡೆ ಮೂಳೆ ಸೊಂಟಕ್ಕೆ ಸೇರೋ ಕಡೆ ಮುರಿದಿದೆ. ಈ ವಯಸ್ಸಲ್ಲಿ ಅದು ತಾನಾಗೇ ಕೂಡೋದು ಕಷ್ಟ ಸರ್. ಮುರಿದ ಗುಂಡು ತೆಗೆದು ಲೋಹದ್ದು ಕೂರಿಸ್ತೀವಿ. ನಾಳೇನೇ ಮಾಡಿದ್ರೆ ಒಳ್ಳೇದು. ಹಿಂಗೇ ಮಲಗಿದ್ರೆ ಎದೇಲಿ ಕಫ ಕಟ್ಟುತ್ತೆ, ಬೆನ್ನಲ್ಲಿ ಹುಣ್ಣಾಗುತ್ತೆ. ಆಮೇಲೆ ಎದ್ದು ನಡೆಯೋದು ಬಿಡಿ, ಉಳಿಯೋದೇ ಕಷ್ಟ ಆಗ್ಬಹುದು.”

ಎಕ್ಸ್‌ರೇಯ ಮೂಲೆಯಲ್ಲಿ ಲಕ್ಷ್ಮಮ್ಮ ಎಂದು ಬರೆದಿತ್ತು. ಅಮ್ಮನ ಹೆಸರು ಅದೇ. ಆದರೆ ಹೊಸಕೋಟೆಯ ಯಾವುದೇ ಆಸ್ಪತ್ರೆಯಲ್ಲಿ ಲಕ್ಷ್ಮಮ್ಮ ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಇದು ನಮ್ಮ ಲಕ್ಷ್ಮಮ್ಮನದೇ ಅಂತ ಹೇಗೆ ನಂಬಲಿ? ಕಿಟಕಿಯ ಬೆಳಕಿಗೆ ಹಿಡಿದು ಪರೀಕ್ಷಿಸಿದೆ. ಸೊಂಟದ ಮೇಲೆ ಬೆಳ್ಳಗೆ ಒಂದು ಸೇಫ್ಟಿ ಪಿನ್ನಿನ ಗುರುತು ಕಂಡಿತು. ಅಮ್ಮ ಎಲ್ಲಿಗೆ ಹೋದರೂ ಸೊಂಟದ ಹತ್ತಿರ ಎರಡು ಮೂರು ಪಿನ್ನು ಸಿಕ್ಕಿಸಿಕೊಂಡೇ ಹೋಗುವವಳು. ಎಕ್ಸ್‌ರೇಯವರು ಪಿನ್ನು ತೆಗೆಯಿರಿ ಎಂದಾಗ ಎರಡು ತೆಗೆದುಕೊಟ್ಟು ಒಂದನ್ನು ಉಳಿಸಿಕೊಂಡಿದ್ದಳು. ಆ ಪಿನ್ನಿನಿಂದ ನನಗೆ ಖಾತ್ರಿಯಾಯಿತು. ಆದರೂ ಫೋನಿನಲ್ಲಿ ಫೋಟೋ ಹಿಡಿದು ದೇವನಹಳ್ಳಿಯ ಒಬ್ಬ ಡಾಕ್ಟರಿಗೂ ಬೆಂಗಳೂರಿನ ಒಬ್ಬರಿಗೂ ತೋರಿಸಿದೆ. ಇಬ್ಬರೂ ಅದನ್ನೇ ಹೇಳಿದರು. ಮೂವರು ಒಂದೇ ಮಾತು ಹೇಳಿದರೆ ಒಂದೋ ಅದು ನಿಜವಿರಬೇಕು, ಇಲ್ಲವೇ ಮೂವರೂ ಒಂದೇ ಕಾಲೇಜಿನಲ್ಲಿ ಓದಿರಬೇಕು. ವಿಚಾರಿಸಿದೆ, ಬೇರೆ ಬೇರೆ ಕಾಲೇಜು. ಆಗ ಒಪ್ಪಿಕೊಂಡೆ.

ಒಪ್ಪದವಳು ಅಮ್ಮ. ಸೋಮವಾರ ಬೆಳಗ್ಗೆ ಡಾಕ್ಟರು ಸಹಿ ಹಾಕುವ ಕಾಗದ ತಂದರೆ ಮುಖ ಗೋಡೆಗೆ ತಿರುಗಿಸಿದಳು. “ಮೊದಲು ನಮ್ ನಂಜುಂಡ ಕಾಲಿಡ್ಲಿ. ಅವನು ಕಾಲು ಮುಂದಾಗಿ ಹುಟ್ಟಿದೋನು. ಅವನ ಕಾಲಿಗೆ ಬಗ್ಗದಿದ್ರೆ ಆಮೇಲೆ ನೋಡಾಣ” ಅಂದಳು. ಡಾಕ್ಟರು ನನ್ನ ಮುಖ ನೋಡಿದರು, ಆಮೇಲೆ ಕೆಳಗೆ ನನ್ನ ಕಾಲು ನೋಡಿದರು. ನಾನು ಎಡಗಾಲನ್ನು ಮಂಚದ ಅಡಿಗೆ ಸರಿಸಿಕೊಂಡೆ. ಮುರಿದ ಸೊಂಟವನ್ನು ತುಳಿದರೆ ಏನಾಗುತ್ತದೆ ಎಂದು ರುದ್ರೇಶನ ಮೊಣಕೈ ನೋಡಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತುಳಿಯುವುದಿಲ್ಲ ಎಂದರೆ ಅಮ್ಮನ ನಂಬಿಕೆ ಮುರಿಯುತ್ತದೆ. ಆವತ್ತೆಲ್ಲ “ನಾಳೆ ಇಡ್ತೀನಮ್ಮ, ಇವತ್ತು ದಿನ ಚೆನ್ನಾಗಿಲ್ಲ” ಎಂದು ತಳ್ಳಿದೆ. ಅವಳು “ಆಯ್ತಪ್ಪ” ಎಂದು ಕಣ್ಣು ಮುಚ್ಚಿದಳು. ಕೆಮ್ಮು ಶುರುವಾಗಿತ್ತು.

ಮಂಗಳವಾರ ಬೆಳಗ್ಗೆ ರುದ್ರೇಶ ಫ್ಲಾಸ್ಕಿನಲ್ಲಿ ಗಂಜಿ ತಂದ. ಅಮ್ಮ ಕೆಮ್ಮುವುದನ್ನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಸೊಟ್ಟ ಕೈಯಿಂದ ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟು, “ಎರಡು ದಿನ ಆಯ್ತಲ್ಲೋ ನಂಜ” ಅಂದ. ಅಷ್ಟೇ ಅಂದದ್ದು. ನಲವತ್ತು ವರ್ಷ ಎತ್ತದ ಮಾತನ್ನು ಅವನು ಎತ್ತಿದ ಹಾಗೆ ನನಗೆ ಕೇಳಿಸಿತು. ನನಗೆ ಅಳು ಬಂತು, ಮುಚ್ಚಿಡುವುದಿಲ್ಲ. ಫ್ಲಾಸ್ಕನ್ನು ಅಲ್ಲೇ ಇಟ್ಟು ಒಳಗೆ ಹೋಗಿ ಅಮ್ಮನ ಪಕ್ಕದಲ್ಲಿ ಕೂತೆ.

“ಅಮ್ಮ, ಒಂದ್ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನನ್ ಕಾಲಲ್ಲಿ ಏನೂ ಇಲ್ಲ. ಯಾವತ್ತೂ ಇರ್ಲಿಲ್ಲ. ರುದ್ರೇಶನ ಕೈ ಸೊಟ್ಟಗಾಗಿದ್ದು ನಾನು ತುಳಿದು, ಅವನು ಎರಡು ದಿನ ಮುಚ್ಚಿಟ್ಕೊಂಡಿದ್ದಕ್ಕೆ. ನಿನಗೂ ಹಂಗೇ ಮಾಡಕ್ಕೆ ನನ್ ಕೈಲಾಗಲ್ಲ. ನನ್ ಕಾಲು ನಂಬ್ಕೊಂಡು ಕೂರ್ಬೇಡಮ್ಮ.”

ಅಮ್ಮ ಸೂರಿನತ್ತ ಕಣ್ಣು ತಿರುಗಿಸಿದಳು. ಆಮೇಲೆ, “ನಂಗೊತ್ತಿಲ್ವಾ ಅದು” ಅಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಸೂರು ನೋಡುತ್ತಲೇ ಹೇಳಿದಳು. “ನೀನು ತಲೆ ಮುಂದಾಗೇ ಹುಟ್ಟಿದ್ದು ಕಣಪ್ಪ. ಎಲ್ಲಾರ ಥರಾನೇ. ಹುಟ್ಟಿದ್ದು ನನ್ ತವರಲ್ಲಿ, ನಮ್ಮೂರೋರ್ಗೆ ಏನ್ ಗೊತ್ತು. ನಿಂಗೆ ಐದಾರು ವರ್ಷ ಇದ್ದಾಗ ಬೀದಿ ಮಕ್ಳೆಲ್ಲ ನಿನ್ನ ಕುಂಟ ಕುಂಟ ಅಂತ ಅಟ್ಟಿಸ್ಕೊಂಡು ಬರೋವು. ನೀನು ಕಾಲನ್ನ ಗೋಣಿಚೀಲದಲ್ಲಿ ಮುಚ್ಕೊಂಡು ಜಗಲೀ ಮೇಲೆ ಕೂತಿರ್ತಿದ್ದೆ, ಆಟಕ್ಕೇ ಹೋಗ್ತಿರ್ಲಿಲ್ಲ. ಒಂದಿನ ಮುನಿಯಪ್ಪ ಸೊಂಟ ಹಿಡ್ಕಂಡು ಬಂದ. ನನ್ ಬಾಯಲ್ಲಿ ಬಂದ್ಬಿಡ್ತು, ನಮ್ ನಂಜುಂಡ ಕಾಲು ಮುಂದಾಗಿ ಹುಟ್ಟಿದೋನು, ಅವನ ಕಾಲಲ್ಲಿ ತುಳಿಸ್ಕೋ ಅಂತ. ನಿಮ್ಮಜ್ಜಿ ಹತ್ರಾನೂ ಆಣೆ ಹಾಕ್ಸ್ಕೊಂಡಿದ್ದೆ. ಆ ಕಾಲು ನೋಡಿ ನಗ್ತಿದ್ದೋರೇ ಅದನ್ನ ಬೆನ್ ಮೇಲೆ ಹತ್ತಿಸ್ಕೊಂಡ್ರು.”

ಆ ಕಾಲಿಗೆ ಶಕ್ತಿಯಿದೆಯೇ ಎಂದು ನಾನು ನೂರು ಸಲ ಅನುಮಾನಪಟ್ಟಿದ್ದೆ. ಅದು ಮೊದಲು ಬಂದದ್ದು ನಿಜವೇ ಎಂದು ಒಂದು ಸಲವೂ ಕೇಳಿರಲಿಲ್ಲ. ಗೋಣಿಚೀಲ ನನಗೆ ನೆನಪೇ ಇಲ್ಲ. ನೆನಪಾಗದಂತೆ ಅವಳು ನೋಡಿಕೊಂಡಿದ್ದಳು.

“ಮತ್ತೆ ಮೊನ್ನೆಯಿಂದ ಯಾಕಮ್ಮ ಕಾಲಿಡು ಕಾಲಿಡು ಅಂತ ಹಟ ಮಾಡ್ದೆ?”

“ಇನ್ನೇನ್ ಮಾಡ್ಲಿ? ಊರೋರ್ ಬೆನ್ನಿಗೆಲ್ಲ ನಿನ್ನ ಕಳ್ಸಿ, ನನ್ ಸೊಂಟಕ್ಕೆ ಮಾತ್ರ ಬೇಡ ಅಂದ್ರೆ ನೀನು ಸುಮ್ಕಿರ್ತಿದ್ಯಾ? ಮೊದಲೇ ಅನುಮಾನದೋನು. ಅಮ್ಮಂಗೇ ನಂಬ್ಕೆ ಇರ್ಲಿಲ್ಲ ಅಂತ ಕಂಡ್ಹಿಡ್ದುಬಿಡ್ತಿದ್ದೆ.” ಕೆಮ್ಮು ಬಂದು ಸ್ವಲ್ಪ ನಿಂತಳು. “ಹೆದರಿಕೇನೂ ಇತ್ತು ಅನ್ನು. ಕೊಯ್ತಾರಲ್ಲ.”

ನಾನು ಅವಳ ನಂಬಿಕೆ ಉಳಿಸಲು ಎರಡು ದಿನ ಕಳೆದಿದ್ದೆ. ಅವಳು ನನ್ನ ಕಾಲಿನ ಮಾನ ಉಳಿಸಲು ಮುರಿದ ಮೂಳೆ ಇಟ್ಟುಕೊಂಡು ಎರಡು ದಿನ ಮಲಗಿದ್ದಳು. ಇಬ್ಬರಲ್ಲಿ ಯಾರು ಹೆಚ್ಚು ದಡ್ಡರು ಎಂದು ನೀವೇ ಹೇಳಿ. ಅಮ್ಮ ಕೈ ಚಾಚಿ, “ಆ ಕಾಗ್ದ ತತ್ತಾ” ಅಂದಳು.

ಕಾಗದವನ್ನು ನಾನು ಎರಡು ಸಲ ಪೂರ್ತಿ ಓದಿದೆ. ಅವಳು ಸಹಿ ಹಾಕಿದಳು. ಆಪರೇಷನ್ ಶುರು ಮಾಡುವ ಮೊದಲು ನನಗೊಂದು ಭಯ ಹುಟ್ಟಿತು. ಎರಡು ಕಾಲಿವೆ, ಒಳಗೆ ಹೋದ ಮೇಲೆ ಯಾವುದು ಅಂತ ಮರೆತರೆ? ಬಾಲ್ ಪೆನ್ನು ತೆಗೆದು ಅಮ್ಮನ ಬಲಮೊಣಕಾಲಿನ ಮೇಲೆ ‘ಇದೇ’ ಎಂದು ಬರೆದೆ, ಎಡಮೊಣಕಾಲಿನ ಮೇಲೆ ‘ಇದಲ್ಲ’ ಎಂದು ಬರೆದೆ. ಡಾಕ್ಟರು ಬಂದು ಓದಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಬಲತೊಡೆಯ ಮೇಲೆ ತಾವು ಆಗಲೇ ಹಾಕಿದ್ದ ನೀಲಿ ಬಾಣದ ಗುರುತನ್ನು ತೋರಿಸಿದರು. “ನನಗೂ ಅನುಮಾನ ಜಾಸ್ತಿ ಸರ್” ಅಂದರು. ಆ ಡಾಕ್ಟರನ್ನು ನಾನು ನಂಬಿದ್ದು ಆ ಕ್ಷಣದಲ್ಲಿ.

ಆಪರೇಷನ್ ಆಯಿತು. ಹೊಸ ಎಕ್ಸ್‌ರೇಯಲ್ಲಿ ಲೋಹದ ಗುಂಡು ಸೊಂಟದ ಬಟ್ಟಲಿನಲ್ಲಿ ಸರಿಯಾಗಿ ಕೂತಿತ್ತು. ನಾನು ಸ್ಕೇಲು ಹಿಡಿದು ನೋಡಿ ಪಾಸು ಮಾಡಿದೆ.

ಮಾರನೆಯ ದಿನ ಮಧ್ಯಾಹ್ನ ನಡೆಸಲು ಫಿಸಿಯೋಥೆರಪಿಯ ಒಬ್ಬ ಹೆಣ್ಣುಮಗಳು ಬಂದರು. ಅಮ್ಮನನ್ನು ಎಬ್ಬಿಸಿ, ನಾಲ್ಕು ಕಾಲಿನ ವಾಕರು ಕೈಗೆ ಕೊಟ್ಟು ನಿಲ್ಲಿಸಿದರು. ಅಮ್ಮ ನಿಂತಳು, ಆದರೆ ಕಾಲು ಎತ್ತಲಿಲ್ಲ. ನೆಲದ ಟೈಲ್ಸನ್ನು ಅವಳು ಮಾರ್ಕೆಟ್ಟಿನ ಸೊಪ್ಪು ನೋಡುವ ಹಾಗೆ ನೋಡಿದಳು. “ನುಣ್ಣಗೈತೆ, ಜಾರುತ್ತೆ” ಅಂದಳು. ಜಾರಲ್ಲ ಅಜ್ಜಿ, ಒಂದು ಹೆಜ್ಜೆ ಹಾಕಿ, ಮುಂದೆ ನೋಡಿ ಎಂದು ಆ ಹೆಣ್ಣುಮಗಳು ಎಷ್ಟು ಹೇಳಿದರೂ ಅಲುಗಲಿಲ್ಲ. “ಎಲ್ಲಿಗಂತ ಇಡ್ಲಿ?” ಅಂದಳು. ಇವತ್ತು ಹೆಜ್ಜೆ ಹಾಕದಿದ್ದರೆ ನಾಳೆ ಇನ್ನೂ ಕಷ್ಟ ಎಂದು ಡಾಕ್ಟರು ಬೆಳಗ್ಗೆಯೇ ಹೇಳಿದ್ದರು.

ನಾನು ಎಡಗಾಲಿನ ಚಪ್ಪಲಿ ಬಿಟ್ಟೆ. ಪರರೆದುರು ಆ ಪಾದವನ್ನು ಬರಿದಾಗಿ ಇಡುವವನಲ್ಲ ನಾನು. ವಾಕರಿನ ಒಳಗೆ, ಅವಳ ಕಾಲಿಗೆ ಒಂದು ಗೇಣು ಮುಂದೆ, ಆ ತಿರುಚಿದ ಪಾದವನ್ನು ನೆಲದ ಮೇಲೆ ಇಟ್ಟೆ.

“ಇಲ್ಲಿಗೆ” ಅಂದೆ.

ಅಮ್ಮ ಅದನ್ನು ನೋಡಿದಳು. ಬಲಗಾಲನ್ನು ಮೆಲ್ಲಗೆ ಎತ್ತಿ ನನ್ನ ಬೆರಳುಗಳಿಗೆ ತಾಗುವಷ್ಟು ಹತ್ತಿರ ತಂದು ಇಟ್ಟಳು. ಆಮೇಲೆ ಎಡಗಾಲು ಬಂತು. ನಾನು ಪಾದವನ್ನು ಒಂದು ಗೇಣು ಹಿಂದಕ್ಕೆ ಸರಿಸಿದೆ. ಅವಳು ವಾಕರನ್ನು ಮುಂದಕ್ಕೆ ಇಟ್ಟು ಮತ್ತೆ ಅಲ್ಲಿಗೆ ಬಂದಳು. ಹಿಂದು ಹಿಂದಕ್ಕೆ ನಡೆಯುವುದು ಸರಿಯಾದ ಕಾಲಿನವರಿಗೇ ಕಷ್ಟ. ನಾನು ಎರಡು ಸಲ ಮಂಚಕ್ಕೆ ಡಿಕ್ಕಿ ಹೊಡೆದೆ. ಬಾಗಿಲಲ್ಲಿ ರುದ್ರೇಶ ತನ್ನ ಸೊಟ್ಟ ಕೈಯಲ್ಲಿ ಪರದೆಯನ್ನು ಎತ್ತಿ ಹಿಡಿದು ನಿಂತಿದ್ದ. ಬಾಗಿಲವರೆಗೆ ಬಂದಾಗ ಆ ಹೆಣ್ಣುಮಗಳು ಇವತ್ತಿಗೆ ಸಾಕು ಎಂದರು. ಅಮ್ಮನ ಮುಖ ಬೆವರಿತ್ತು. ಅವಳು ನನ್ನ ಮುಖ ನೋಡಲಿಲ್ಲ, ಕಾಲನ್ನೇ ನೋಡುತ್ತಿದ್ದಳು.

“ಇನ್ನೊಂದು ಹೆಜ್ಜೆ ಹಾಕ್ತೀನಿ” ಅಂದಳು. “ಕಾಲಿಡಪ್ಪ.”

ಇಟ್ಟೆ.